ಗುಂಡಿಯಿಲ್ಲದ ಸೂಟು

ಟೈಲರಮ್ಮನ ಅಂಗಡಿಗೆ ಬರುವ ಗಂಡಸರು ಬಾಗಿಲಲ್ಲೇ ನಿಂತು ಒಮ್ಮೆ ಒಳಗೆಲ್ಲ ಇಣುಕುವುದು ವಾಡಿಕೆ. ಅಳತೆ ತೆಗೆಯಲು ಯಾವನಾದರೂ ಗಂಡಸು ಮೂಲೆಯಲ್ಲಿ ಕೂತಿದ್ದಾನೆಯೇ ಎಂದು ಹುಡುಕುತ್ತಾರೆ. ಹಾಗೆ ಕೂತಿರುತ್ತಿದ್ದವನು ಅವಳ ಅಣ್ಣ. ಅವನು ತೀರಿಕೊಂಡು ವರ್ಷಗಳೇ ಆಗಿದ್ದವು. ಈಗ ಟೇಪನ್ನು ಕೊರಳಿಗೆ ನೇತು ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎದುರಾಗುವವಳು ಅವಳೇ. "ಆಮೇಲೆ ಬರ್ತೀನಿ" ಎಂದು ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಅಂಥವರಿಗಾಗಿ ಅವಳು ತಲೆ ಕೆಡಿಸಿಕೊಂಡವಳಲ್ಲ. ಹೋದವರ ಕೋಟುಗಳು ಬೆನ್ನ ಮೇಲೆ ಗುಳ್ಳೆ ಎದ್ದುಕೊಂಡು ಅದೇ ಬೀದಿಯಲ್ಲಿ ಓಡಾಡುವುದನ್ನು ಕಿಟಕಿಯಿಂದ ನೋಡಿ, ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದಳು.

ಆ ದಿನ ಬಂದವರು ಇಣುಕಲಿಲ್ಲ. ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದರು. ಎಪ್ಪತ್ತು ದಾಟಿದ, ನೆಟ್ಟಗಿನ ಮನುಷ್ಯ. ಎರಡೂ ಕೈ ಜೇಬಿನಲ್ಲಿ.

"ನನಗೊಂದು ಡಿನ್ನರ್ ಸೂಟ್ ಬೇಕು. ನೋಡಿದವರಿಗೆ ಎಲ್ಲರ ಸೂಟಿನ ಹಾಗೇ ಕಾಣ್ಬೇಕು. ಆದ್ರೆ ಹಾಕ್ಕೊಳೋದಕ್ಕೆ ಒಂದೇ ಒಂದು ಗುಂಡಿ ಇರಬಾರ್ದು."

"ಗುಂಡಿ ಇಲ್ದಿದ್ರೆ ಎಲ್ಲರ ಸೂಟಿನ ಹಾಗೆ ಹೇಗ್ರೀ ಕಾಣುತ್ತೆ?"

"ಅದು ಗೊತ್ತಿದ್ರೆ ನಾನೇ ಹೊಲ್ಕೋತಿದ್ದೆನಲ್ಲ ಟೈಲರಮ್ಮ."

ಊರವರ ಬಾಯಲ್ಲಿರುವ ಹೆಸರೇ ಅವರ ಬಾಯಲ್ಲೂ ಬಂತು. ಅವಳು ಕತ್ತರಿಯನ್ನು ಕೆಳಗಿಟ್ಟಳು. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಗಳನ್ನು ಜೇಬಿನಿಂದ ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟರು. ಎರಡೂ ಕೈ ನಡುಗುತ್ತಿದ್ದವು. ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡು ಕೂಡ ಟಕಟಕ ಎಂದಿತು.

ಅವರು ಹಲ್ಲಿನ ಡಾಕ್ಟರು. ಊರಿನಲ್ಲಿ ಅರ್ಧ ಜನರ ಬಾಯಿ ನೋಡಿದವರು, ಉಳಿದ ಅರ್ಧವನ್ನು ನೋಡುವ ಡಾಕ್ಟರುಗಳಿಗೆ ಪಾಠ ಹೇಳಿದವರು. ಆ ಶಿಷ್ಯರೆಲ್ಲ ಸೇರಿ ಈಗ ದೊಡ್ಡ ಔತಣ ಇಟ್ಟುಕೊಂಡಿದ್ದರು. ಗುರುಗಳು ಮುಂದಿನ ಸಾಲಿನಲ್ಲಿ ಕೂರಬೇಕು, ಎದ್ದು ನಾಲ್ಕು ಮಾತಾಡಬೇಕು. ಬರುವವರೆಲ್ಲ ಕಪ್ಪು ಡಿನ್ನರ್ ಸೂಟಿನಲ್ಲೇ ಬರಬೇಕೆಂದು ಕಟ್ಟಳೆ.

"ಕೈ ನಡುಗಬಾರ್ದು ಅಂತ ಅವರಿಗೆಲ್ಲ ಬೈದು ಬೈದು ಕಲಿಸಿದವನು ನಾನು. ಈಗ ಈ ಕೈ ತೋರಿಸ್ಲಾ? ಅದಕ್ಕಿಂತ ಹೋಗದೇ ಇರೋದು ವಾಸಿ. ಆದ್ರೆ ಹೋಗ್ಬೇಕು ಅಂತ ಆಸೆ ಇದೆ."

"ಊಟ ಹೇಗೆ ಮಾಡ್ತೀರಿ ಮತ್ತೆ?"

"ಹೊಟ್ಟೆ ಸರಿ ಇಲ್ಲ ಅಂತೀನಿ. ಮಾತಾಡೋವಾಗ ಕೈ ಜೇಬಲ್ಲಿ. ಎಲ್ಲಾ ಯೋಚನೆ ಮಾಡಿದ್ದೀನಿ. ಸೂಟು ಹಾಕ್ಕೊಳೋದೊಂದೇ ಆಗ್ತಿಲ್ಲ." ಕೈಗಳನ್ನು ಮತ್ತೆ ಜೇಬಿಗಿಳಿಸಿ ಮಾತು ಸೇರಿಸಿದರು, "ಗುಂಡಿಗಳೆಲ್ಲ ನನ್ನವಳ ಇಲಾಖೆ ಆಗಿತ್ತು. ಅವಳು ಹೋದ ಮೇಲೆ ಮನೇಲಿ ಯಾರೂ ಇಲ್ಲ. ನಾನೊಬ್ಬನೇ ಹಾಕ್ಕೊಳೋ ಹಾಗಿರ್ಬೇಕು. ಅಷ್ಟೇ ನಾನು ಕೇಳೋದು."

ಅಷ್ಟೇ ಎನ್ನುವಂಥದ್ದೇನೂ ಆಗಿರಲಿಲ್ಲ ಅದು. ಆದರೂ ಅವಳು ಆಗಲಿ ಎಂದಳು. ಒಬ್ಬರೇ ಬಟ್ಟೆ ಹಾಕಿಕೊಳ್ಳುವುದು ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣ್ಣ ಹೋದ ಮೇಲೆ ಅತ್ತಿಗೆ ಮಗಳ ಮನೆ ಸೇರಿದ್ದರು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಈಗ ಇವಳೊಬ್ಬಳೇ. ಬೆನ್ನ ನಡುವೆ ಕೈ ಎಟುಕದ ಒಂದು ಜಾಗವಿದೆಯಲ್ಲ, ಅತ್ತಿಗೆ ಇದ್ದಷ್ಟು ದಿನ ಅದರ ನೆನಪೇ ಅವಳಿಗೆ ಇರಲಿಲ್ಲ. ಅವರು ಹೊರಟುಹೋದ ವಾರದಲ್ಲೇ ತನ್ನ ಬಟ್ಟೆಗಳನ್ನೆಲ್ಲ ಬಿಚ್ಚಿ, ಹಿಂದಿನ ಕೊಕ್ಕೆಗಳನ್ನು ಕಿತ್ತು, ಮುಂದಕ್ಕೆ ಗುಂಡಿ ಇಟ್ಟು ಹೊಲಿದುಕೊಂಡಿದ್ದಳು. ಅಂದಿನಿಂದ ಅವಳ ಬೆನ್ನನ್ನು ಮುಟ್ಟಿದವರಿಲ್ಲ.

ಕೆಲಸ ಶುರುವಾಯಿತು. ಜಿಪ್ ಇಡೋಣವೆಂದರೆ ಅದನ್ನು ಎಳೆಯುವುದಕ್ಕೂ ಬೆರಳಿನ ಹಿಡಿತ ಬೇಕು. ಒತ್ತಿದರೆ ಅಂಟುವ ಪಟ್ಟಿ ಹಾಕೋಣವೆಂದರೆ ಬಿಚ್ಚುವಾಗ ಚರ್ರೆಂದು ಸದ್ದು. ಗಣ್ಯರ ನಡುವೆ ಗುರುಗಳ ಕೋಟು ಹರಿದಂತೆ ಕೇಳಿಸಿದರೆ ಆಯಿತಲ್ಲ ಕಥೆ! ಕೊನೆಗೆ ಅವಳ ಕೈಚೀಲವೇ ದಾರಿ ತೋರಿಸಿತು. ಅದರ ಬಾಯಿ ಮುಚ್ಚುತ್ತಿದ್ದದ್ದು ಎರಡು ಪುಟ್ಟ ಅಯಸ್ಕಾಂತಗಳಿಂದ. ಅವಳು ಚೀಲವನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಮಾರನೆಯ ದಿನ ಸಾಮಾನಿನ ಅಂಗಡಿಗೆ ಹೋಗಿ ತೆಳ್ಳಗಿನ, ಬಲವಾದ ಅಯಸ್ಕಾಂತಗಳನ್ನು ಒಂದು ಡಬ್ಬಿ ತುಂಬ ತಂದಳು.

"ಹೃದಯದಲ್ಲಿ ಯಂತ್ರ ಗಿಂತ್ರ ಏನಾದ್ರೂ ಕೂರಿಸಿದಾರಾ ಡಾಕ್ಟ್ರೇ? ಅಯಸ್ಕಾಂತ ಅದಕ್ಕೆ ಆಗಿಬರಲ್ವಂತೆ."

"ಇಲ್ಲಮ್ಮ, ಅಲ್ಲಿ ಜಾಗ ಖಾಲಿ ಇದೆ" ಎಂದರು ಡಾಕ್ಟರು.

ಅಯಸ್ಕಾಂತಗಳು ಬಂದ ಮೇಲೆ ಅಂಗಡಿಯಲ್ಲಿ ಬೇರೆಯೇ ರಗಳೆ. ಮೇಜಿನ ಮೇಲಿನ ಗುಂಡುಸೂಜಿಗಳೆಲ್ಲ ಸದ್ದಿಲ್ಲದೆ ಹೋಗಿ ಕೋಟಿನ ಎದೆಗೆ ಅಂಟಿಕೊಳ್ಳುತ್ತಿದ್ದವು. ಕತ್ತರಿ ತಾನೇ ತಾನಾಗಿ ಅತ್ತ ಜರುಗುತ್ತಿತ್ತು. "ನನ್ನ ಮಾತು ಕೇಳದ ಸಾಮಾನುಗಳೆಲ್ಲ ನಿಮ್ಮ ಕೋಟಿನ ಪಕ್ಷ ಸೇರ್ಕೊಂಡಿವೆ" ಎಂದು ಅವಳು ದೂರಿದಳು. ಆದರೆ ಉಪಾಯ ಗಟ್ಟಿಯಾಗಿತ್ತು. ಕೋಟಿನ ಎರಡು ಮಗ್ಗುಲ ಅಂಚಿನೊಳಗೆ ಅಯಸ್ಕಾಂತ, ಮೇಲೆ ಬರೀ ಶೋಕಿಗೆ ರೇಷ್ಮೆ ಹೊದಿಸಿದ ಗುಂಡಿಗಳು. ಶರ್ಟಿನ ಎದೆ, ಕಾಲರು, ಬೋ ಟೈ, ಒಳಗಿನ ತೋಳಿಲ್ಲದ ಕೋಟು, ಎಲ್ಲವನ್ನೂ ಸೇರಿಸಿ ಒಂದೇ ಅಂಗಿ ಮಾಡಿದಳು. ತಲೆಯ ಮೇಲಿಂದ ಇಳಿಸಿಕೊಂಡರೆ ಮುಗಿಯಿತು. ಪ್ಯಾಂಟಿನ ಸೊಂಟಕ್ಕೆ ಹೊರಗೆ ಕಾಣದ ಎಲಾಸ್ಟಿಕ್ಕು. ಜೇಬುಗಳನ್ನು ಎಲ್ಲರ ಕೋಟಿಗಿಂತ ಒಂದಿಷ್ಟು ಮುಂದಕ್ಕೆ ತಂದು, ಒಳಗೆ ದಪ್ಪ ಕ್ಯಾನ್ವಾಸ್ ಕೊಟ್ಟು ಹೊಲಿದಳು. ಒಳಗೆ ಕೈ ಎಷ್ಟೇ ನಡುಗಲಿ, ಹೊರಗಿನ ಬಟ್ಟೆ ಮಿಸುಕಾಡಬಾರದು.

ಟ್ರಯಲ್ಲಿಗೆಂದು ಡಾಕ್ಟರು ಬರತೊಡಗಿದರು. ಒಂದು ಸೂಟಿಗೆ ಎಷ್ಟು ಟ್ರಯಲ್ ಬೇಕೋ ಅದಕ್ಕಿಂತ ಹೆಚ್ಚೇ ಆದವು. ಒಮ್ಮೆ ತೋಳಿನ ಉದ್ದದ ನೆಪ, ಇನ್ನೊಮ್ಮೆ ಲೈನಿಂಗಿನ ಬಣ್ಣದ ನೆಪ. ನೆಪ ಹುಡುಕುವುದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಮ್ಮಿಯಿರಲಿಲ್ಲ. ಅವಳು ಅಗಲ ಬಾಯಿಯ ಲೋಟದಲ್ಲಿ ಅರ್ಧ ಮಾತ್ರ ಚಹಾ ಹಾಕಿ ಕೊಡುತ್ತಿದ್ದಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಚೆಲ್ಲಿದರೆ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಆ ಅಂಗಡಿಗೆ ಅಣ್ಣನ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಗಿರಾಕಿಯ ಕೈಗೆ ಕೋಟು ಕೊಡಬಾರದು, ಅವನಿಗೆ ತೊಡಿಸಬೇಕು. ಗಿರಾಕಿ ತಾನೇ ಹಾಕಿಕೊಂಡರೆ ಕಾಲರು ಸೊಟ್ಟ, ತೋಳು ತಿರುಚು. ಆಮೇಲೆ ತಪ್ಪನ್ನು ಹೊಲಿದವರ ತಲೆಗೆ ಕಟ್ಟುತ್ತಾನೆ ಎಂದು ಅಣ್ಣ ಹೇಳುತ್ತಿದ್ದ. ಹಾಗಾಗಿ ಅವಳು ಡಾಕ್ಟರ ಹಿಂದೆ ನಿಂತು, ಕೋಟಿನ ಎರಡು ಮಗ್ಗುಲನ್ನೂ ಅಗಲಿಸಿ ಹಿಡಿದು, "ಕೈ ಹಿಂದಕ್ಕೆ ಬಿಡಿ... ಹಾಂ, ಇನ್ನೊಂದು... ಭುಜ ಸಡಿಲ ಬಿಡಿ, ಹಲ್ಲು ಕೀಳ್ತಿಲ್ಲ ನಾನು" ಎಂದು ಮಾತಾಡುತ್ತಲೇ ತೊಡಿಸುತ್ತಿದ್ದಳು. ಬೆನ್ನ ಮೇಲೆ ಅಂಗೈಯಾಡಿಸಿ ಸುಕ್ಕು ತೆಗೆಯುತ್ತಿದ್ದಳು. ಮುಂದೆ ಬಂದು ಎರಡು ಮಗ್ಗುಲನ್ನೂ ಕೂಡಿಸಿ ಒತ್ತಿದರೆ ಒಳಗೆ ಟಿಕ್ ಎಂದು ಸಣ್ಣ ಸದ್ದು. ಆ ಸದ್ದು ಕೇಳಿದಾಗಲೆಲ್ಲ ಡಾಕ್ಟರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೋಟು ಹಿತವಾಗಿದೆ ಎಂದು ಅವಳು ತಿಳಿದುಕೊಂಡಳು.

ಅತ್ತಿಗೆ ಫೋನಿನಲ್ಲಿ ಕೇಳಿದರು, "ಏನೇ, ದನಿ ಒಂಥರಾ ಇದೆ? ಯಾರೋ ಹೊಸ ಗಿರಾಕಿ ಅಂದ್ಯಲ್ಲ, ವಯಸ್ಸೆಷ್ಟು?"

"ನಿಮಗಿಂತ ದೊಡ್ಡೋರು ಅತ್ತಿಗೆ. ಹಲ್ಲಿನ ಡಾಕ್ಟ್ರು."

"ನನಗೂ ಒಂದು ಸೆಟ್ಟು ಕಟ್ಟಿಸಿಕೊಡು ಹಾಗಾದ್ರೆ" ಎಂದು ಅತ್ತಿಗೆ ಬೊಚ್ಚುಬಾಯಿ ಬಿಟ್ಟು ನಕ್ಕರು.

ಔತಣಕ್ಕೆ ಇನ್ನೂ ಒಂದು ವಾರವಿರುವಾಗ ಸೂಟು ಮುಗಿಯಿತು. ಕೊನೆಯ ಸಲ ಅವಳು ಡಾಕ್ಟರಿಗೆ ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ಒಂದೂ ಸುಕ್ಕಿಲ್ಲ. ಗುಂಡಿಗಳು ಸುಳ್ಳೆಂದು ಹೊಲಿದವಳಿಗೂ ಮರೆತುಹೋಗುವಂತಿತ್ತು. ಜೇಬಿನಲ್ಲಿ ಕೈಯಿಟ್ಟು ನಿಂತ ಡಾಕ್ಟರು ಇಡೀ ಸಭೆಯನ್ನು ಗದರಿಸುವ ಠೀವಿಯಲ್ಲಿದ್ದರು. ಅವರು ಸೂಟಿನ ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೊರಟುಹೋದ ಮೇಲೆ ಅವಳು ಮೇಜು ಒರೆಸಿದಳು. ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸಿದಳು.

ಮಾರನೆಯ ದಿನ ಅಂಗಡಿ ತೆರೆಯುವ ಹೊತ್ತಿಗೆ ಡಾಕ್ಟರು ಚೀಲದೊಂದಿಗೆ ಬಾಗಿಲಲ್ಲೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ಯಾಕೆ, ಬಿಗಿಯಾಯ್ತಾ?"

"ಹಾಕ್ಕೊಳೋಕೆ ಆಗ್ಲಿಲ್ಲ ಟೈಲರಮ್ಮ. ಅಂಗಿ, ಪ್ಯಾಂಟು ಹೇಗೋ ಆಯ್ತು. ಕೋಟು ಮಾತ್ರ... ನಿನ್ನೆ ಮಧ್ಯಾಹ್ನದಿಂದ ಅದರ ಜೊತೆ ಗುದ್ದಾಡ್ತಾ ಇದೀನಿ."

"ಅದೆಂಥಾ ಮಾತು? ನೆನ್ನೆ ಇಲ್ಲೇ ಹಾಕ್ಕೊಂಡಿದ್ರಲ್ಲ!"

"ನಾನು ಹಾಕ್ಕೊಂಡಿರ್ಲಿಲ್ಲ. ನೀವು ಹಾಕಿದ್ರಿ."

ಡಾಕ್ಟರು ಕೋಟನ್ನು ಹೊರಗೆ ತೆಗೆದು ಮಾಡಿ ತೋರಿಸಿದರು. ಒಂದು ತೋಳಿನೊಳಗೆ ಕೈ ಹೋಯಿತು. ಇನ್ನೊಂದು ತೋಳನ್ನು ಹುಡುಕುವಷ್ಟರಲ್ಲಿ ತೂಗಾಡುತ್ತಿದ್ದ ಎರಡು ಮಗ್ಗುಲೂ ಒಂದನ್ನೊಂದು ಎಳೆದುಕೊಂಡು ಟಿಕ್ಕೆಂದು ಅಂಟಿಕೊಂಡವು. ಬಿಡಿಸಿದರು. ಮತ್ತೆ ಟಿಕ್. ನಡುಗುವ ಕೈಯಿಂದ ಬಿಡಿಸಿದಷ್ಟೂ ಅವು ಬೇರೆಲ್ಲೋ ಹೋಗಿ ಕಚ್ಚಿಕೊಳ್ಳುತ್ತಿದ್ದವು. ಅಷ್ಟು ಟ್ರಯಲ್‌ಗಳಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಆಗಲು ಅವಳ ಎರಡು ಕೈ ಬಿಟ್ಟಿರಲಿಲ್ಲ. ಒಬ್ಬರೇ ಹಾಕಿಕೊಳ್ಳಲೆಂದು ಹೊಲಿದ ಸೂಟನ್ನು, ಆ ಒಬ್ಬರ ಕೈಗೆ ಒಂದು ಸಲವೂ ಕೊಡದೆ, ಅವಳು ಪಾಸು ಮಾಡಿ ಕಳಿಸಿದ್ದಳು.

ಮೊದಲು ಬಂದದ್ದು ಸಿಟ್ಟು. "ನೀವಾದ್ರೂ ಹೇಳ್ಬಾರ್ದಾಗಿತ್ತಾ? ಕೊಡಿ ಇಲ್ಲಿ, ನಾನೇ ಹಾಕ್ಕೊಂಡು ನೋಡ್ತೀನಿ ಅಂತ ಒಂದು ಮಾತು! ನನ್ನ ಕೆಲಸದ ಮಾನ ತೆಗೆದ್ರಲ್ರೀ."

ಡಾಕ್ಟರು ಕೋಟನ್ನು ಅರ್ಧ ತೊಟ್ಟುಕೊಂಡೇ ಸ್ಟೂಲಿನ ಮೇಲೆ ಕೂತರು.

"ಹೇಳ್ಬೇಕು ಅಂತಲೇ ಬರ್ತಿದ್ದೆ. ಪ್ರತಿ ಸಲ. ಆದ್ರೆ ಅವಳು ಹೋದ ಮೇಲೆ ನನಗೆ ಯಾರೂ ಕೋಟು ತೊಡಿಸಿರ್ಲಿಲ್ಲ. ನೀವು ಬೆನ್ನು ಸವರಿ ಸರಿ ಮಾಡ್ತಿದ್ರಲ್ಲ... ನಾನು ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದೇ."

ಅವಳ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಕೋಟಿನ ಹಿತಕ್ಕೆ ಕಣ್ಣು ಮುಚ್ಚುತ್ತಾರೆ ಎಂದುಕೊಂಡಿದ್ದ ತನ್ನ ದಡ್ಡತನಕ್ಕೆ ನಾಚಿಕೆಯಾಯಿತು. ತಾನೂ ಆ ಬೆನ್ನಿನ ಸುಕ್ಕನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆಯುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

"ಹೋಗ್ಲಿ ಬಿಡಿ" ಎಂದಳು. "ಔತಣದ ದಿನ ಸಂಜೆ ನಾನೇ ನಿಮ್ಮ ಮನೆಗೆ ಬಂದು ತೊಡಿಸ್ತೀನಿ. ಅದೇನು ಮಹಾ."

"ಬರ್ತೀರಾ?" ಎಂದರು ಡಾಕ್ಟರು. ಅವರ ಮುಖ ಬೆಳಗಿತು.

ದಿನವಿಡೀ ಅವಳು ಖುಷಿಯಲ್ಲೇ ಮೆಷಿನ್ ತುಳಿದಳು. ಇಸ್ತ್ರಿಗೆಂದು ಡಾಕ್ಟರು ಬಿಟ್ಟುಹೋದ ಕೋಟು, ಹೊಲಿದ ಬಟ್ಟೆ ತೊಡಿಸಿ ನೋಡುವ ಬೊಂಬೆಯ ಮೇಲಿತ್ತು. ಸಂಜೆ ಅತ್ತಿಗೆಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ತಮಾಷೆಯಾಗಿ ಹೇಳಿದಳು. ಅತ್ತಿಗೆ ನಗಲಿಲ್ಲ.

"ಅವತ್ತು ನೀನು ತೊಡಿಸ್ತೀಯ. ಸರಿ. ಊಟ ಮುಗಿಸಿ ಬಂದ ಮೇಲೆ? ಇನ್ನೊಂದು ದಿನ ಯಾರದೋ ಮದುವೆ ಬಂತು ಅಂದ್ರೆ? ನಿನಗೆ ಜ್ವರ ಬಂದು ಮಲಗಿದ್ರೆ?"

"ಆಗ ನೋಡ್ಕೊಂಡ್ರಾಯ್ತು ಅತ್ತಿಗೆ."

"ನೋಡ್ಕೊಳೋದೇನು? ನಿನ್ನ ದಾರಿ ಕಾಯ್ಕೊಂಡು ಕೂತಿರ್ಬೇಕು ಆ ಮುದುಕಪ್ಪ. ನಾನು ಇಲ್ಲಿ ಕೂತಿಲ್ವಾ, ಮಗಳು ಆಫೀಸಿಂದ ಬಂದು ಬೆನ್ನ ಕೊಕ್ಕೆ ಬಿಚ್ಚಲಿ ಅಂತ. ಒಂದೊಂದು ದಿನ ಅವಳಿಗೆ ಮರ್ತೇಹೋಗುತ್ತೆ. ಹಾಗೇ ಮಲಗ್ತೀನಿ."

ಫೋನು ಇಟ್ಟ ಮೇಲೆ ಅವಳು ಬೊಂಬೆಯ ಮುಂದೆ ಬಹಳ ಹೊತ್ತು ನಿಂತಳು. ಆ ಮನುಷ್ಯ ಅಂಗಡಿಗೆ ಬಂದು ಕೇಳಿದ್ದು ಒಂದೇ ಒಂದು. ಅದನ್ನು ತಾನು ಕೊಟ್ಟಿರಲಿಲ್ಲ. ಕೊಡದೆ ಹೋದದ್ದಕ್ಕೆ ಬೆಳಗ್ಗೆಯಿಂದ ಖುಷಿಪಡುತ್ತಿದ್ದಳು. ಹಾಗೆಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕನ್ನಡಕ ಒರೆಸಿಕೊಂಡು, ಚಿಕ್ಕ ಕತ್ತರಿ ತೆಗೆದುಕೊಂಡು, ಕೋಟಿನ ಅಂಚಿನ ಹೊಲಿಗೆ ಬಿಚ್ಚತೊಡಗಿದಳು.

ಅಯಸ್ಕಾಂತಗಳಲ್ಲಿ ಸೊಂಟದ ಒಂದು ಜೋಡಿಯನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ತೆಗೆದಳು. ಉಳಿದ ಜೋಡಿಯ ಮೇಲೂ ದಪ್ಪ ಬಟ್ಟೆಯ ಪದರ ಹಾಕಿದಳು, ಅಂಗೈಯಿಂದ ಅಮುಕಿದ ಹೊರತು ಕೂಡಿಕೊಳ್ಳಬಾರದೆಂದು. ತೋಳಿನ ಒಳಗೆ ಕೈ ಜಾರಿಹೋಗುವಂಥ ನುಣುಪು ಲೈನಿಂಗು, ಕಂಕುಳಲ್ಲಿ ಒಂದಿಷ್ಟು ಸಡಿಲ. ಆದರೂ ಹಿಂದೆ ನಿಂತು ಹಿಡಿಯುವವರು ಯಾರು? ಎರಡು ದಿನ ಅವಳಿಗೆ ಅದೇ ಧ್ಯಾನ. ಮೂರನೆಯ ದಿನ ಪಕ್ಕದ ಬಡಗಿಯ ಹತ್ತಿರ ಒಂದು ಹಲಗೆ ಮಾಡಿಸಿ, ಅದಕ್ಕೆ ಮೇಲ್ಮುಖವಾಗಿ ಎರಡು ಮರದ ಗೂಟ ಹೊಡೆಸಿದಳು. ಕೋಟಿನ ಕಾಲರಿನ ಕೆಳಗೆ ಅಡಗುವಂತೆ ಹೆಬ್ಬೆರಳು ತೂರುವಷ್ಟು ದೊಡ್ಡ ಎರಡು ಕುಣಿಕೆ ಹೊಲಿದಳು. ಹಲಗೆಯನ್ನು ಅಂಗಡಿಯ ಗೋಡೆಗೆ, ಡಾಕ್ಟರ ಎದೆಮಟ್ಟಕ್ಕಿಂತ ಕೊಂಚ ಕೆಳಗೆ ಬಿಗಿಸಿದಳು. ಆ ಮಟ್ಟ ಅವಳಿಗೆ ಟೇಪಿಲ್ಲದೆಯೂ ಗೊತ್ತಿತ್ತು.

ಡಾಕ್ಟರು ಬಂದಾಗ ಅವಳು ಎದ್ದು ನಿಲ್ಲಲಿಲ್ಲ.

"ಕೋಟು ಗೋಡೆಗೆ ನೇತು ಹಾಕಿ. ಬೆನ್ನು ತಿರುಗಿಸಿ, ಸ್ವಲ್ಪ ಬಗ್ಗಿ, ಎರಡೂ ಕೈ ಹಿಂದಕ್ಕೆ ಬಿಡಿ. ತೋಳು ಹೊಕ್ಕ ಮೇಲೆ ನೆಟ್ಟಗಾಗಿ. ಗೋಡೆ ಬಿಟ್ಟುಕೊಡುತ್ತೆ."

"ಅಂದ್ರೆ ನೀವು ಬರೋದಿಲ್ಲ ಅವತ್ತು."

"ನೀವು ಕೇಳಿದ್ದು ಒಬ್ಬರೇ ಹಾಕ್ಕೊಳೋ ಸೂಟು. ಅದನ್ನ ನಾನು ಇನ್ನೂ ಕೊಟ್ಟಿಲ್ಲ."

ಡಾಕ್ಟರು ಅವಳನ್ನು ನೋಡಿದರು. ಆಮೇಲೆ ಕೋಟನ್ನು ತೆಗೆದುಕೊಂಡರು. ಕುಣಿಕೆ ಗೂಟಕ್ಕೆ ಸಿಗಲಿಲ್ಲ. ಮತ್ತೆ ಪ್ರಯತ್ನಿಸಿದರು. ಸಿಗಲಿಲ್ಲ. ಅವಳ ಕೈಗಳು ತಾವೇ ಏಳಲು ಹೊರಟವು. ಅವಳು ಎರಡನ್ನೂ ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಗಟ್ಟಿಯಾಗಿ ಕೂತಳು. ಒಂದು ಕುಣಿಕೆ ಸಿಕ್ಕಿಕೊಂಡಿತು. ಎಷ್ಟೋ ಹೊತ್ತಿಗೆ ಇನ್ನೊಂದು. ಅವರು ತಿರುಗಿ, ಬಗ್ಗಿ, ಕಣ್ಣು ಕಾಣದವರಂತೆ ಕೈಯಿಂದ ಹಿಂದೆ ತಡಕಿದರು. ಬಲಗೈ ಹೊಕ್ಕಿತು. ಎಡಗೈ ಬಟ್ಟೆಯ ಹೊರಗೆಲ್ಲ ಅಲೆದು ಕೊನೆಗೆ ದಾರಿ ಕಂಡುಕೊಂಡಿತು. ಮಂಡಿ ನೆಟ್ಟಗೆ ಮಾಡಿದರು. ಗೋಡೆ ಕೋಟನ್ನು ಬಿಟ್ಟುಕೊಟ್ಟಿತು. ಅಂಗೈಯಿಂದ ಸೊಂಟದ ಹತ್ತಿರ ಅಮುಕಿದರು, ಟಿಕ್ ಎಂದಿತು.

ಕಾಲರು ಒಂದು ಕಡೆ ಸೊಟ್ಟಗಿತ್ತು. ಅವಳು ಎದ್ದು ಹೋಗಲಿಲ್ಲ. ಎಡಗಡೆ ಎಂದು ಬಾಯಲ್ಲೇ ಹೇಳಿದಳು. ಅವರು ಸರಿಮಾಡಿಕೊಂಡರು.

"ನಿಮ್ಮ ಗೋಡೆ ಚೆನ್ನಾಗಿ ತೊಡಿಸುತ್ತೆ" ಎಂದರು ಡಾಕ್ಟರು. "ಮಾತು ಮಾತ್ರ ಆಡಲ್ಲ."

ಅವಳು ನಕ್ಕಳು. ಹಲಗೆಯನ್ನು ಕಳಚಿ ಕಾಗದದಲ್ಲಿ ಸುತ್ತಿಕೊಟ್ಟಳು. ಬಡಗಿ ಮನೆಗೇ ಬಂದು ಹಾಕಿಕೊಡುತ್ತಾನೆ ಎಂದಳು. ಔತಣದ ದಿನ ಬೇಗನೆ ಶುರು ಮಾಡಿ, ಎಡವಟ್ಟಾದರೆ ಒಂದು ಫೋನು ಮಾಡಿ, ಓಡಿಬರುತ್ತೇನೆ ಎಂದಳು. ಡಾಕ್ಟರು ಬಾಗಿಲ ಹತ್ತಿರ ನಿಂತು ಬಹಳ ಉಪಕಾರವಾಯಿತೆಂದು ಹೇಳಿ ಹೊರಟರು. ಇನ್ನು ಅವರು ಬರುವುದಕ್ಕೆ ಯಾವ ನೆಪವೂ ಉಳಿದಿರಲಿಲ್ಲ.

ಔತಣದ ದಿನ ಸಂಜೆ ಅವಳು ಮೆಷಿನ್ ನಿಲ್ಲಿಸಿದಳು, ಸದ್ದಿನಲ್ಲಿ ಫೋನು ಕೇಳಿಸದೆ ಹೋದೀತೆಂದು. ಮುಖ ತೊಳೆದು, ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡಳು. ಹೊರಗೆ ಹೋಗುವ ಚಪ್ಪಲಿ ಮೆಟ್ಟಿಕೊಂಡೇ ಸ್ಟೂಲಿನ ಮೇಲೆ ಕೂತಳು. ಫೋನು ಒಮ್ಮೆ ಹೊಡೆದುಕೊಂಡಿತು. ಮೊದಲ ಗಂಟೆಗೇ ಎತ್ತಿದಳು.

"ಏನೇ, ಫೋನಿನ ಮೇಲೇ ಕೂತಿದ್ಯಾ?" ಎಂದರು ಅತ್ತಿಗೆ.

"ಆಮೇಲೆ ಮಾತಾಡ್ತೀನಿ ಅತ್ತಿಗೆ, ಇಡಿ" ಎಂದು ಇಟ್ಟುಬಿಟ್ಟಳು.

ಬೀದಿದೀಪ ಹತ್ತಿತು. ಬಡಗಿ ಬಾಗಿಲು ಎಳೆದುಕೊಂಡು ಮನೆಗೆ ಹೋದ. ಈಗ ಕುಣಿಕೆ ಸಿಕ್ಕಿಸುತ್ತಿರಬೇಕು, ಈಗ ಬಗ್ಗಿರಬೇಕು, ಎಡಗೈ ದಾರಿ ತಪ್ಪಿರಬೇಕು ಎಂದು ಅವಳು ಒಂದೊಂದನ್ನೂ ಕಣ್ಣ ಮುಂದೆ ನೋಡಿದಳು. ಸರಿಯಾಗಲಪ್ಪಾ ಎಂದು ಬೇಡಿಕೊಂಡಳು. ಅದರ ಬೆನ್ನಿಗೇ ಫೋನು ಬರಲಪ್ಪಾ ಎಂದೂ ಬೇಡಿಕೊಂಡಳು. ಎರಡೂ ಒಟ್ಟಿಗೆ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಔತಣ ಶುರುವಾಗುವ ಹೊತ್ತಾಯಿತು. ಆ ಹೊತ್ತೂ ದಾಟಿತು. ಫೋನು ಬರಲಿಲ್ಲ.

ಸೂಟು ಸರಿಯಾಗಿತ್ತು. ಅವಳು ಬಗ್ಗಿ ಚಪ್ಪಲಿ ಬಿಚ್ಚಿದಳು. ತನ್ನ ಕೆಲಸ ಚೆನ್ನಾಗಿ ಆಗಿದೆ ಎಂದು ತಿಳಿದು ಅಳು ಬಂದದ್ದು ಅವಳಿಗೆ ಅದೇ ಮೊದಲು.